ಭಾಲ್ಕಿ ಕಾಕಾನ ಕಾರಿಗೆ ಐದನೇ ಗೇರು

ಆ ಕೆಲಸ ಒಪ್ಪಿಕೊಂಡ ದಿನವೇ ನನಗೆ ಅಂಜಿಕೆ ಹುಟ್ಟಿತ್ತು. ಗೇರ್‌ಬಾಕ್ಸಿನ ಕೆಲಸವೆಂದರೆ ನಮ್ಮ ಗ್ಯಾರೇಜಿನಲ್ಲಿ ಉಸ್ತಾದರದು. ನಾನು ಪಕ್ಕದಲ್ಲಿ ಕೂತು ಪಾನಾ ಕೊಡುವವನು, ಸೀಮೆಎಣ್ಣೆಯಲ್ಲಿ ಹಲ್ಲಿನ ಚಕ್ರ ತೊಳೆಯುವವನು, ಕೊನೆಗೆ ನಟ್ಟು ಬೋಲ್ಟು ಬಿಗಿಯುವವನು. ಎರಡು ವರ್ಷ ಮಳೆ ಕೈಕೊಟ್ಟು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿ ಬರುವುದು ನಿಂತಾಗ ಲಾರಿಗಳೂ ನಿಂತವು. ಲಾರಿ ನಿಂತ ಮೇಲೆ ಗ್ಯಾರೇಜಿಗೆ ಕೆಲಸವೆಲ್ಲಿ? ಉಸ್ತಾದರು ಹೈದರಾಬಾದಿನ ಯಾವುದೋ ವರ್ಕ್‌ಶಾಪಿಗೆ ಹೊರಟುಹೋದರು. ಶಟರಿನ ಬೀಗದಕೈ ನನ್ನ ಜೇಬಿಗೆ ಬಂತು.

ಅವರು ಹೋದ ಒಂದು ತಿಂಗಳಿಗೆ ಭಾಲ್ಕಿಯ ಕಾಕಾ ಬಂದರು. ಐವತ್ತು ದಾಟಿದ ಡ್ರೈವರು. ಅವರ ಅಂಬಾಸಿಡರ್ ನನ್ನ ವಯಸ್ಸಿಗಿಂತ ಹಳೆಯದು; ಗೇರಿನ ಕೋಲು ಇನ್ನೂ ಸ್ಟೇರಿಂಗಿನ ಹಿಂದೆಯೇ ಇತ್ತು. ಔರಾದ ಕಡೆಯ ಹಳ್ಳಿಗಳಿಂದ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟವರಲ್ಲಿ ಲಾರಿಯಲ್ಲಿ ನಿಲ್ಲಲಾರದವರು ಕಾಕಾನ ಕಾರಿಗೆ ಬರುತ್ತಿದ್ದರು: ಕೂಸಿನ ತಾಯಿ, ಮುದುಕರು, ಬಸುರಿಯರು.

"ಉಸ್ತಾದ್ ಇಲ್ಲೇನು?"

"ಹೈದರಾಬಾದಿಗಿ ಹೋಗ್ಯಾರ್ರಿ ಕಾಕಾ."

ಅವರು ಡಿಕ್ಕಿ ತೆಗೆದು ತೋರಿಸಿದರು. ಗೋಣಿಯಲ್ಲಿ ಸುತ್ತಿದ ಒಂದು ಗೇರ್‌ಬಾಕ್ಸ್. ಇದೇ ಕಾರಿನ ಮುಂದಿನ ಮಾಡೆಲ್‌ಗೆ ಬಂದದ್ದು, ಐದು ಗೇರಿನದು, ಗುಜರಿಯಲ್ಲಿ ಸಿಕ್ಕಿತ್ತು.

"ಹಳೀದು ಒಂದನೇ ಗೇರಿಗೂ ರಿವರ್ಸಿಗೂ ನಡುವ ಸಿಕ್ಕಿ ಬೀಳ್ತದ. ಹೈವೇ ಮ್ಯಾಲ ಅರವತ್ತು ದಾಟಿದ್ರ ಇಂಜಿನ್ ಒದರ್ತದ. ಇದನ್ನ ಕೂಡಿಸ್ಬೇಕು. ಆದ್ರ ಇಂಜಿನ್ ಮುಟ್ಟಬ್ಯಾಡ, ಅದು ನಮ್ಮಪ್ಪನ ಕಾಲದ್ದು. ಮಾಡ್ತಿ ಏನು?"

"ಮಾಡ್ತೇನ್ರಿ."

"ಹಿಂದ ಮಾಡಿದ್ದಿ?"

"ಮಾಡೀನ್ರಿ."

ನೋಡೀನಿ ಎನ್ನಬೇಕಿತ್ತು. ಉಸ್ತಾದರು ಒಂದು ಜೀಪಿಗೆ ಹೀಗೆ ಮಾಡಿದ್ದನ್ನು ನೋಡಿದ್ದೆ, ಅಷ್ಟೇ. ಬಾಯಿಂದ ಬಂದದ್ದು 'ಮಾಡೀನಿ'. ಕಾಕಾ ಕಾರಿನ ಕೀಲಿ ನನ್ನ ಅಂಗೈಯಲ್ಲಿಟ್ಟು ಭಾಲ್ಕಿ ಬಸ್ಸಿಗೆ ನಡೆದರು.

ಹಳೆಯ ಪೆಟ್ಟಿಗೆ ಇಳಿಸುವುದು ಒಂದು ದಿನದ ಕೆಲಸ. ಹೊಸದನ್ನು ಇಂಜಿನ್ನಿನ ಬೆನ್ನಿಗೆ ಹಿಡಿದು ನೋಡಿದರೆ ಒಂದು ತೂತೂ ಇನ್ನೊಂದಕ್ಕೆ ಸರಿಬೀಳಲಿಲ್ಲ. ನಡುವೆ ಉಕ್ಕಿನ ಒಂದು ದಪ್ಪ ತಟ್ಟೆ ಬೇಕು. ಅದರ ಒಂದು ಮುಖದ ತೂತುಗಳು ಇಂಜಿನ್ನಿಗೆ, ಇನ್ನೊಂದರವು ಗೇರ್‌ಬಾಕ್ಸಿಗೆ. ರಟ್ಟಿಗೆ ಗ್ರೀಸು ಸವರಿ ಎರಡೂ ಕಡೆಯ ಅಚ್ಚು ತೆಗೆದುಕೊಂಡು ಲೇತ್ ಚಾಚಾನ ಬಳಿ ಹೋದೆ. ಚಾಚಾನ ಲೇತ್ ಮಷಿನ್ನು ನಮ್ಮ ಗ್ಯಾರೇಜಿನ ಹಿಂದಿನ ಓಣಿಯಲ್ಲಿ. ಉಸ್ತಾದರ ಗೆಳೆಯ, ಅರವತ್ತರ ಮನುಷ್ಯ. ರಟ್ಟನ್ನು ಬೆಳಕಿಗೆ ಹಿಡಿದು ನೋಡಿ, "ತೂತ್ ಸರಿ ಬಿದ್ರ ಸಾಲಲ್ಲ ಬೇಟಾ. ನಡುವಿನ ಸೆಂಟರ್ ಸರಿ ಬೀಳ್ಬೇಕು," ಎಂದರು.

ಸೆಂಟರೆಂದರೆ, ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ತುದಿ ಇಂಜಿನ್ನಿನ ಹಿಂದಿನ ಕುಳಿಯಲ್ಲಿ ನೇರವಾಗಿ ಕೂಡಬೇಕು. ಕೂದಲೆಳೆಯಷ್ಟು ವಾರೆಯಾದರೂ ಮೊದಲು ಕುಳಿಯೊಳಗಿನ ಬಳೆ, ಅಂದರೆ ಬುಷ್, ಸವೆಯುತ್ತದೆ, ಆಮೇಲೆ ಬೇರಿಂಗ್ ಹೋಗುತ್ತದೆ, ಒಂದು ದಿನ ಇಳಿಜಾರಿನಲ್ಲಿ ಗೇರು ತಾನಾಗಿ ಕಳಚಿಕೊಳ್ಳುತ್ತದೆ. ಅಷ್ಟು ವಾರೆಯನ್ನೂ ಮುಳ್ಳಿನಿಂದ ತೋರಿಸುವ ತಮ್ಮ ಡಯಲ್ ಗೇಜನ್ನು ಚಾಚಾ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮೊದಲ ತಟ್ಟೆ ಬಿಗಿದು, ಗೇಜ್ ಹಚ್ಚಿ, ಇಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿದೆ. ಮುಳ್ಳು ಅತ್ತಿಂದಿತ್ತ ಓಡಾಡಿತು. ತಟ್ಟೆ ಬಿಚ್ಚಿ ಮತ್ತೆ ಚಾಚಾನ ಹತ್ತಿರ. ಎರಡನೆಯ ತಟ್ಟೆಗೂ ಮುಳ್ಳು ಅಲುಗಿತು. ಮೂರನೆಯದಕ್ಕೆ ಅಲುಗಿತೋ ಇಲ್ಲವೋ ತಿಳಿಯದಷ್ಟು ಕಡಿಮೆಯಾಯಿತು. ಅಷ್ಟಕ್ಕೇ ಆರು ದಿನ ಕಳೆದಿದ್ದವು.

ಉಳಿದದ್ದು ಸಲೀಸಾಗಿ ಸಾಗಿತು ಅನ್ನಿಸಿತ್ತು. ಕುಳಿಗೆ ಗನ್‌ಮೆಟಲ್ಲಿನ ಹೊಸ ಬುಷ್ ಮಾಡಿಸಿದೆ. ಕ್ಲಚ್ ಪ್ಲೇಟಿನ ನಡುವಿನ ಹಲ್ಲಿನ ಭಾಗವನ್ನು ಹೊಸ ಶಾಫ್ಟಿಗೆ ಹೊಂದುವಂತೆ ಬದಲಿಸಿದೆ. ಸ್ಟೇರಿಂಗಿನ ಹಿಂದಿನ ಕೋಲು ಕಿತ್ತು, ನೆಲದ ತಗಡು ಕತ್ತರಿಸಿ ಹೊಸ ಕೋಲಿಗೆ ದಾರಿ ಮಾಡಿದೆ. ಹೊಸ ಪೆಟ್ಟಿಗೆ ಹಳೆಯದಕ್ಕಿಂತ ಉದ್ದ. ಆದ್ದರಿಂದ ಅದರಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಉದ್ದನೆಯ ಕೊಳವೆ ಶಾಫ್ಟನ್ನು ಕತ್ತರಿಸಿ, ಗಿಡ್ಡ ಮಾಡಿ, ಚಾಚಾನಿಂದ ವೆಲ್ಡಿಂಗ್ ಮಾಡಿಸಿದೆ.

ಕಾರು ಹೊರಗೆ ತೆಗೆದು ಕಮಠಾಣದ ರಸ್ತೆಗೆ ಹೋದೆ. ಐವತ್ತರವರೆಗೆ ಚೆನ್ನಾಗಿತ್ತು. ಅರವತ್ತಕ್ಕೆ ಸೀಟಿನ ಕೆಳಗಿಂದ ನಡುಕ ಶುರುವಾಗಿ ಎಪ್ಪತ್ತಕ್ಕೆ ಕನ್ನಡಿಯಲ್ಲಿ ಏನೂ ಕಾಣದಂತಾಯಿತು. ವಾಪಸ್ ಬಂದು ಶಾಫ್ಟ್ ಇಳಿಸಿದೆ. ಮತ್ತೆ ಹಾಕಿದೆ, ಮತ್ತೆ ಇಳಿಸಿದೆ. ನಾಲ್ಕು ದಿನದಲ್ಲಿ ಐದು ಸಲ. ಕೊನೆಗೆ ಚಾಚಾ ಬಂದು ಶಾಫ್ಟನ್ನು ನೆಲದ ಮೇಲೆ ಉರುಳಿಸಿ, ಎರಡು ತುದಿಯ ಜಾಯಿಂಟುಗಳ ಕಿವಿಗಳಿಗೆ ಬೆರಳು ತೋರಿಸಿದರು. ಎರಡೂ ಒಂದೇ ಸಾಲಿನಲ್ಲಿ ಇರಬೇಕಾದವು. ವೆಲ್ಡ್ ಮಾಡುವಾಗ ಒಂದು ತುಸು ತಿರುಗಿಬಿಟ್ಟಿತ್ತು. "ಗಲ್ತಿ ನಂದೇ," ಎಂದರು. ಬೆಸುಗೆ ಕತ್ತರಿಸಿ ನೇರ ಮಾಡಿ ಮತ್ತೆ ಹಚ್ಚಿದರು. ಅಂದು ಎಂಬತ್ತಕ್ಕೂ ಕಾರು ಅಲುಗಲಿಲ್ಲ. ಐದನೇ ಗೇರಿಗೆ ಹಾಕಿದಾಗ ಇಂಜಿನ್ನಿನ ಸದ್ದು ತಗ್ಗಿ, ಗಾಳಿಯ ಸದ್ದು ಮಾತ್ರ ಕೇಳಿತು. ಕಾರಿನಲ್ಲಿ ನಾನೊಬ್ಬನೇ ಖುಷಿಗೆ ಕೂಗಿದೆ.

ಮಧ್ಯಾಹ್ನ ಕಾಕಾ ಬಂದು ಒಂದು ಸುತ್ತು ಹೊಡೆದರು. "ಅರೆ, ಮಂಚದ ಮ್ಯಾಲ ಕುಂತಂಗ ಆಯ್ತಲ್ಲೋ ಮಿಸ್ತ್ರಿ! ನಾಳಿ ಔರಾದ ಆಚಿ ಎಕಂಬಾಕ್ಕ ಹೋಗಿ ಮಂದಿ ಕರ್ಕೊಂಡು ಸೀದಾ ಹೈದರಾಬಾದ್," ಎಂದು ಭಾಲ್ಕಿಗೆ ಹೋದರು. ಆ ರಾತ್ರಿ ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ನಿದ್ದೆ ಹತ್ತಿತು.

ಮರುದಿನ ಬೆಳಿಗ್ಗೆ ಗ್ಯಾರೇಜು ಗುಡಿಸಿ, ಬೆಂಚಿನ ಮೇಲಿನ ಡಬ್ಬಿಗಳನ್ನು ಒರೆಸಿಡುತ್ತಿದ್ದೆ. ಒಂದು ಡಬ್ಬಿಯಲ್ಲಿ ಕಾಗದದ ಪೊಟ್ಟಣವಿತ್ತು. ಬಿಚ್ಚಿದೆ. ನಾಲ್ಕು ಬೋಲ್ಟು, ನಾಲ್ಕು ನಟ್ಟು. ಹೊಚ್ಚ ಹೊಸವು.

ಅವು ಏನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದಾಗ ಅಲ್ಲೇ ಟಯರಿನ ಮೇಲೆ ಕೂತೆ.

ಶಾಫ್ಟಿನ ಹಿಂದಿನ ತುದಿ ಆಕ್ಸಲ್ಲಿಗೆ ನಾಲ್ಕೇ ಬೋಲ್ಟುಗಳಿಂದ ಕೂಡಿಕೊಂಡಿರುತ್ತದೆ. ಅವು ಗಟ್ಟಿ ಉಕ್ಕಿನವೇ ಆಗಬೇಕು. ನಟ್ಟಿನೊಳಗೆ ನೈಲಾನಿನ ಬಳೆ ಇರಬೇಕು, ಅಲುಗಾಟಕ್ಕೆ ಸಡಿಲಾಗಬಾರದೆಂದು. ಆ ನಟ್ಟನ್ನು ಒಮ್ಮೆಯೇ ಬಿಗಿಯುವುದು. ಶಾಫ್ಟು ದಿನಾ ಇಳಿದು ಏರುತ್ತಿದ್ದುದರಿಂದ ಹೊಸವನ್ನು ಕೊನೆಗೆಂದು ಎತ್ತಿಟ್ಟು, ಡಬ್ಬಿಯಲ್ಲಿ ಬಿದ್ದಿದ್ದ ಸಾಧಾರಣ ಕಬ್ಬಿಣದ ಬೋಲ್ಟು ಹಾಕಿ ನೋಡುತ್ತಿದ್ದೆ. ನಡುಕ ನಿಂತ ಸಂತೋಷದಲ್ಲಿ ಆ ಕೊನೆಯನ್ನು ಮರೆತಿದ್ದೆ.

ಗಲ್ಲಿಯ ಬಾಯಲ್ಲಿದ್ದ ಎಸ್‌ಟಿಡಿ ಬೂತಿಗೆ ಓಡಿದೆ. ಆಗ ಮೊಬೈಲು ನಮ್ಮಂಥವರ ಕೈಗಿನ್ನೂ ಬಂದಿರಲಿಲ್ಲ. ಕಾಕಾನ ಮನೆ ಎದುರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿದೆ. ಅಂಗಡಿಯವರು ಹೇಳಿದರು: "ನಸುಕಿನ್ಯಾಗೇ ಹೋದ್ರಲ್ಲರಿ."

ಭಾಲ್ಕಿಯಿಂದ ಎಕಂಬಾಕ್ಕೆ ಬೀದರಿಗೆ ಬಾರದೆಯೇ ಹೋಗಬಹುದು. ಆದರೆ ಮಂದಿಯನ್ನು ಹತ್ತಿಸಿಕೊಂಡು ಹೈದರಾಬಾದಿಗೆ ಹೋಗುವಾಗ ಔರಾದ, ಬೀದರ ಇದೇ ದಾರಿ. ಮಧ್ಯಾಹ್ನದ ಹೊತ್ತಿಗೆ ನಮ್ಮ ಊರಿನ ಮೇಲೇ ಹಾಯುತ್ತಾರೆ. ರಸ್ತೆಯಲ್ಲಿ ಕಾದು ನಿಲ್ಲಿಸಿ, 'ಒಂಚೂರು ಚೆಕ್ ಮಾಡ್ತೇನ್ರಿ ಕಾಕಾ' ಎಂದು ಕೆಳಗೆ ನುಸುಳಿ ಬೋಲ್ಟು ಬದಲಿಸಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ನಿಜ ಹೇಳುತ್ತೇನೆ, ಒಂದು ಚಹಾ ಕುಡಿಯುವಷ್ಟು ಹೊತ್ತು ನಾನು ಹಾಗೇ ಮಾಡಬೇಕೆಂದುಕೊಂಡಿದ್ದೆ.

ಚಾಚಾನಿಗೆ ಪೊಟ್ಟಣ ತೋರಿಸಿದೆ. ಅವರು ಲೇತ್ ನಿಲ್ಲಿಸಿದರು.

"ಸಾದಾ ಬೋಲ್ಟ್ ಮ್ಯಾಲ ಓಡ್ದ ಗಾಡಿ ನಾ ಬಹಳ ನೋಡೀನಿ," ಎಂದರು. "ಎಷ್ಟು ಮಂದಿ ಇರ್ತಾರ ಗಾಡಿಯಾಗ?"

"ಏಳೆಂಟು. ಮ್ಯಾಲ ಗಂಟು."

ಚಾಚಾ ಪೊಟ್ಟಣವನ್ನು ನನ್ನ ಕೈಗೆ ವಾಪಸ್ ಕೊಟ್ಟರು. ನನಗೂ ಆಗಲೇ ಹೊಳೆದದ್ದು. ಬಯಲಿನಲ್ಲಿ ಓಡುವಾಗ ಶಾಫ್ಟಿನ ಮೇಲೆ ಜಗ್ಗಾಟ ಕಡಿಮೆ. ತುಂಬಿದ ಗಾಡಿ ಕೆಳಗಿನ ಗೇರಿನಲ್ಲಿ ಏರು ಹತ್ತುವಾಗ ಅದು ಮೂರು ನಾಲ್ಕು ಪಟ್ಟು. ಮಾಂಜ್ರಾ ನದಿ ದಾಟಿದ ಮೇಲೆ ಬೀದರಿಗೆ ಹತ್ತುವ ಏರೇ ಆ ಜಾಗ. ಅಲ್ಲಿ ಬೋಲ್ಟು ಕಡಿದರೆ ಶಾಫ್ಟು ಬೀಳುತ್ತದೆ. ಬೀಳುತ್ತ ತಿರುಗುವ ಕೊಳವೆ ಪಕ್ಕದ ಬ್ರೇಕ್ ಪೈಪಿಗೆ ಬಡಿದರೆ ನಾಲ್ಕೂ ಗಾಲಿಯ ಬ್ರೇಕು ಒಟ್ಟಿಗೆ ಹೋಗುತ್ತದೆ. ಹಳೆಯ ಕಾರಿನಲ್ಲಿ ಎಲ್ಲಕ್ಕೂ ಒಂದೇ ಪೈಪು. ಆಮೇಲೆ ಕಾರು ಹಿಂದಕ್ಕೆ ಹೋಗುತ್ತದೆ. ಬೀದರಿನಲ್ಲಿ ಕಾದು ನಿಲ್ಲುವುದೆಂದರೆ ಆ ಏರನ್ನು ಅವರ ಪಾಲಿಗೆ ಬಿಟ್ಟು ನಾನು ಮೇಲೆ ನಿಂತಿರುವುದು.

"ಚಾಚಾ, ಸ್ಕೂಟರ್ ಕೊಡ್ತೀರೇನ್ರಿ?"

ಅವರು ಆಗಲೇ ಕೀಲಿ ಹಿಡಿದಿದ್ದರು. "ಜಲ್ದಿ ಹೋಗು. ಖರೇ ಏನದ ಅದೇ ಹೇಳು ಅವ್ರಿಗಿ."

ಬೋಲ್ಟು ಜೇಬಿಗೆ, ಎರಡು ಪಾನಾ ಸೊಂಟಕ್ಕೆ. ಆ ಏರನ್ನು ಇಳಿದು ನದಿಯ ಸೇತುವೆಗೆ ಬಂದೆ. ಕೆಳಗೆ ನೀರಿರಲಿಲ್ಲ. ಮರಳಿನಲ್ಲಿ ಗುಂಡಿ ತೋಡಿ ಹೆಂಗಸರು ಬಟ್ಟಲಿನಿಂದ ಕೊಡಕ್ಕೆ ನೀರು ತುಂಬುತ್ತಿದ್ದರು. ಆಚೆ ದಡದಿಂದ ರಸ್ತೆಯುದ್ದಕ್ಕೂ ಗಂಟು ಇಟ್ಟುಕೊಂಡು ಲಾರಿಗೆ ಕಾಯುವ ಮಂದಿ. ಪ್ರತಿ ತಿರುವಿನಲ್ಲೂ ನನ್ನ ಕಣ್ಣು ರಸ್ತೆ ಪಕ್ಕದ ತಗ್ಗು ಹುಡುಕುತ್ತಿತ್ತು. ಒಂದು ಕಡೆ ದೂರದಲ್ಲಿ ಗುಂಪು ಕಂಡಿತು. ಎಲ್ಲರೂ ಬಗ್ಗಿ ಏನನ್ನೋ ಸುತ್ತುವರಿದಿದ್ದರು. ಹತ್ತಿರ ಹೋದರೆ ನೀರಿನ ಟ್ಯಾಂಕರು. ಮುಂದೆ ಹೋದೆ.

ಔರಾದ ಇನ್ನೂ ದೂರವಿರುವಾಗಲೇ ತಿರುವಿನಿಂದ ಅಂಬಾಸಿಡರ್ ಎದುರಿಗೆ ಬಂತು. ಮೇಲೆ ಕ್ಯಾರಿಯರಿನಲ್ಲಿ ಗಂಟುಗಳ ಗುಡ್ಡೆ, ಕಿಟಕಿಗಳಲ್ಲಿ ಮುಖಗಳು. ನಾನು ಒಂದು ಕೈ ಬಿಟ್ಟು ಬೀಸಿದೆ, ಕೂಗಿದೆ. ಕಾಕಾ ನನ್ನ ಗುರುತು ಹಿಡಿದರು. ನಗುತ್ತ ತಾವೂ ಕೈ ಬೀಸಿ, ಹಾರ್ನು ಹೊಡೆದು ಹಾದುಹೋದರು.

ಸ್ಕೂಟರ್ ತಿರುಗಿಸಿ ಬೆನ್ನು ಹತ್ತಿದೆ. ಚಾಚಾನ ಹಳೆಯ ಸ್ಕೂಟರು ಅರವತ್ತರ ಮೇಲೆ ಹೋಗಲೊಲ್ಲದು. ಕಾರು ನನ್ನಿಂದ ದೂರವಾಗುತ್ತ ಹೋಯಿತು. ಹೋಗದೇನು? ಐದನೇ ಗೇರು ನಾನೇ ಕೂಡಿಸಿದ್ದೆ. ಸೇತುವೆಯ ಹೊತ್ತಿಗೆ ಅದು ಬರೀ ಧೂಳಾಗಿ ಕಾಣುತ್ತಿತ್ತು.

ಏರು ಬಂದಾಗ ಕಾರಿನ ಓಟ ತಗ್ಗಿತು. ನಾನು ಹತ್ತಿರವಾದೆ. ಕಾಕಾ ಮೂರನೇ ಗೇರಿಗೆ ಇಳಿಸಿದ್ದು, ಆಮೇಲೆ ಎರಡನೆಯದಕ್ಕೆ ಇಳಿಸಿದ್ದು ಸದ್ದಿನಿಂದಲೇ ತಿಳಿಯಿತು. ಕಾರಿನ ಕೆಳಗಿಂದ ಟಕ್, ಟಕ್ ಎಂಬ ಇನ್ನೊಂದು ಸದ್ದು ಕೇಳಿತು. ಅದು ಅಲ್ಲಿ ಇರಬಾರದ ಸದ್ದು. ನಾನು ಸರಿಯಾಗಿ ಅದರ ಬೆನ್ನ ಹಿಂದೆ ಇದ್ದೆ. ಬೋಲ್ಟು ಕಡಿದರೆ ಕಾರು ಮೊದಲು ಬರುವುದು ನನ್ನ ಮೇಲೆ.

ಈಗ ನಿಲ್ಲಿಸಬೇಕೋ ಬೇಡವೋ? ನಿಲ್ಲಿಸಿದರೆ ಏರಿನ ನಡುವಿನಿಂದ ಮತ್ತೆ ಎತ್ತಬೇಕು. ಅದರಷ್ಟು ಕೆಟ್ಟ ಜಗ್ಗಾಟ ಬೇರಿಲ್ಲ. ಬಿಟ್ಟರೆ ಮೇಲೆ ಮುಟ್ಟಿದರೂ ಮುಟ್ಟಬಹುದು. ಕಾರಿನ ಹಿಂದಿನ ಗಾಜಿನಲ್ಲಿ ಒಂದು ಕೂಸು ನನ್ನನ್ನೇ ನೋಡುತ್ತಿತ್ತು. ನಿಂತ ಗಾಡಿಯಿಂದ ಮಂದಿ ಇಳಿಯಬಹುದು, ಓಡುವ ಗಾಡಿಯಿಂದ ಇಳಿಯಲಾಗದು. ಅಷ್ಟೇ ಲೆಕ್ಕ ಹಾಕಿ ಸ್ಕೂಟರನ್ನು ಕಾಕಾನ ಕಿಟಕಿಗೆ ತಂದೆ.

"ಕಾಕಾ, ನಿಲ್ಲಸ್ರಿ! ಬ್ರೇಕ್ ಮ್ಯಾಲಿನ ಕಾಲು ತೆಗೀಬ್ಯಾಡ್ರಿ! ಗೇರಿನ್ಯಾಗೇ ಇರ್ಲಿ!"

ನನ್ನ ಮುಖ ನೋಡಿ ಅವರು ಏನೂ ಕೇಳದೆ ನಿಲ್ಲಿಸಿದರು. ಸ್ಕೂಟರ್ ಬೀಳುವುದಕ್ಕೆ ಬಿಟ್ಟು, ರಸ್ತೆ ಪಕ್ಕದ ಕಲ್ಲು ತಂದು ಹಿಂದಿನ ಎರಡೂ ಗಾಲಿಗೆ ಒಡ್ಡಿದೆ. ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಇಳಿಸಿದೆ. ದೊಡ್ಡವರು ಏಳು ಮಂದಿ, ಒಂದು ಕೂಸು. ಕೊನೆಗೆ ಇಳಿದವಳು ಒಬ್ಬ ಮುದುಕಿ.

"ಏನಾಗ್ಯದ ತಮ್ಮಾ? ಗಾಡಿ ಕೆಟ್ಟದೇನು?"

"ಗಾಡಿ ಕೆಟ್ಟಿಲ್ಲವ್ವಾ. ನಾ ತಪ್ಪು ಮಾಡೀನಿ."

ಕಾಕಾನ ಎದುರು ನಿಂತು ಹೇಳಿದೆ. ಬೋಲ್ಟು ಮರೆತದ್ದನ್ನು ಹೇಳಿದೆ. ಅದರ ಹಿಂದೆಯೇ, ಕೇಳದಿದ್ದರೂ, ಇಂಥ ಕೆಲಸ ಹಿಂದೆ ಮಾಡಿಲ್ಲ ಎಂಬುದನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಇಳಿದ ಮಂದಿಯ ಕಡೆ ಒಮ್ಮೆ ನೋಡಿದರು. ಅವರ ತುಟಿ ಅಲುಗುತ್ತಿತ್ತು, ತಲೆ ಎಣಿಸುತ್ತಿದ್ದರು.

ನಾನು ಕೆಳಗೆ ನುಸುಳಿದೆ. ನಾಲ್ಕು ತೂತುಗಳಲ್ಲಿ ಒಂದು ಖಾಲಿ. ಎರಡು ಬೋಲ್ಟು ಬೆರಳಿಗೇ ತಿರುಗಿದವು. ಒಂದೇ ಒಂದು ಹಿಡಿದುಕೊಂಡಿತ್ತು. ಅದೂ ಬಾಗಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಸರಸರ ಸದ್ದಾಯಿತು. ಕಾಕಾ ಬಿಳಿ ಅಂಗಿಯಲ್ಲೇ ಮಣ್ಣಿನಲ್ಲಿ ಮಲಗಿ ಒಳಗೆ ಬಂದಿದ್ದರು. ಖಾಲಿ ತೂತನ್ನು ಬಹಳ ಹೊತ್ತು ನೋಡಿದರು.

"ಹಾಕು. ನಾ ನೋಡ್ತೀನಿ."

ಖಾಲಿ ತೂತಿಗೆ ಮೊದಲು ಹೊಸದನ್ನು ಹಾಕಿ ಬಿಗಿದೆ. ಆಮೇಲೆ ಒಂದೊಂದನ್ನೇ ತೆಗೆದು ಒಂದೊಂದನ್ನೇ ಹಾಕಿದೆ. ಪ್ರತಿ ನಟ್ಟನ್ನು ನಾನು ಬಿಗಿದ ಮೇಲೆ ಕಾಕಾ ಪಾನಾ ಇಸಿದುಕೊಂಡು ತಾವೂ ಒಮ್ಮೆ ಜಗ್ಗಿದರು. ಅಷ್ಟಕ್ಕೆ ಬಿಡಲಿಲ್ಲ. "ಇನ್ನ ಯಾವ್ಯಾವ ಬಿಗಿದೀದಿ, ಎಲ್ಲಾ ತೋರ್ಸು," ಎಂದರು. ತಟ್ಟೆಯ ಬೋಲ್ಟು, ಪೆಟ್ಟಿಗೆ ಹೊತ್ತ ಅಡ್ಡಪಟ್ಟಿ, ಕ್ಲಚ್ಚಿನ ಕೊಂಡಿ, ಒಂದೊಂದಕ್ಕೂ ಪಾನಾ ಹಚ್ಚಿ ತೋರಿಸಿದೆ. ಎಲ್ಲವೂ ಬಿಗಿಯಾಗಿದ್ದವು.

ಹೊರಗೆ ಕೂಸಿನ ಅಪ್ಪ, ಗಾರೆ ಕೆಲಸದವನು, ಕೂಗುತ್ತಿದ್ದ: "ಕಾಕಾ, ಸಂಜಿ ಒಳಗ ಮುಟ್ಲಿಲ್ಲಂದ್ರ ಮುಕಾದಮ ಕೆಲಸಕ್ಕ ಬ್ಯಾರೇದವ್ರನ್ನ ಇಟ್ಕೊಂತಾನ್ರಿ!" ಅವನ ಅಂಜಿಕೆಯೇ ಬೇರೆ ಇತ್ತು. ಬೋಲ್ಟಿನ ಸುದ್ದಿ ಅವನಿಗೆ ಬೇಕಿರಲಿಲ್ಲ.

ಮೇಲೆದ್ದು ನಾನು ಹೇಳಿದೆ, "ಎಲ್ಲಾರೂ ಮ್ಯಾಲ ತನಕ ನಡ್ಕೊಂತ ಬರ್ರಿ. ಗಾಡಿ ಖಾಲಿ ಹತ್ತಲಿ."

ಎಲ್ಲರೂ ಹೊರಟರು. ಮುದುಕಿ ಮಾತ್ರ ಹಿಂದಿನ ಸೀಟು ಹತ್ತಿ ಕೂತಳು. ಮೊಣಕಾಲು ಬರುವುದಿಲ್ಲ, ನಡೆಯಲಾರೆ ಎಂದಳು. ಎಷ್ಟು ಹೇಳಿದರೂ ಕೇಳಲಿಲ್ಲ.

ಕಾಕಾ ಡ್ರೈವರ್ ಬಾಗಿಲು ತೆಗೆದು ನನಗೆ ತೋರಿಸಿದರು. "ನೀ ಹೊಡಿ."

"ಕಾಕಾ, ನಾನಾ?"

"ಮಾಡ್ದಾಂವ ನೀ. ನೀನೇ ಹೊಡಿ. ನಾ ಕಲ್ಲು ಹಿಡ್ಕೊಂಡು ಹಿಂದ ಬರ್ತೀನಿ."

"ಹಿಂದ ಬ್ಯಾಡ್ರಿ."

"ಮತ್ತ ಗಾಲಿಗಿ ಕಲ್ಲು ಒಡ್ಡೋರು ಯಾರು?"

ಒಂದನೇ ಗೇರು ಹಾಕಿದೆ. ಕನ್ನಡಿಯಲ್ಲಿ ಕಾಕಾ ಎರಡು ಕೈಯಲ್ಲಿ ಒಂದು ಕಲ್ಲು ಹಿಡಿದು ಹಿಂದಿನ ಗಾಲಿಯ ಪಕ್ಕದಲ್ಲೇ ಬಗ್ಗಿ ನಿಂತಿದ್ದರು.

"ಯಾಕ ತಮ್ಮಾ, ಹಿಂಗ ಬೆವರ್ಲಾಕತ್ತೀದಿ?" ಹಿಂದಿನಿಂದ ಮುದುಕಿ ಕೇಳಿದಳು.

"ಅಂಜಿಕಿ ಆಗ್ಲಾಕತ್ತದವ್ವಾ."

"ನನಗೂ ಆಗ್ಲಾಕತ್ತದ," ಎಂದಳು. "ನಾ ಎಂದೂ ಊರ ಬಿಟ್ಟಾಕಿ ಅಲ್ಲ. ಅಲ್ಲಿ ಹ್ಯಾಂಗಿರ್ತದೋ ಏನೋ."

ಅವಳು ಕಾರಿಗೆ ಅಂಜಿರಲಿಲ್ಲ. ನಾನು ಆಕ್ಸಿಲರೇಟರ್ ಒತ್ತಿ ಕ್ಲಚ್ಚನ್ನು ತುಸುತುಸುವೇ ಬಿಟ್ಟೆ. ಕಾರಿನ ಮೂತಿ ಎದ್ದಿತು. ಒಂದು ಗಳಿಗೆ ಎಲ್ಲೂ ಹೋಗದೆ ನಿಂತಲ್ಲೇ ಬಿಗಿಯಿತು. ನಾನು ಕಡಿಯುವ ಸದ್ದಿಗಾಗಿ ಕಾದೆ. ಸದ್ದು ಬರಲಿಲ್ಲ. ಗಾಲಿ ಕಲ್ಲಿನಿಂದ ಬಿಡಿಸಿಕೊಂಡು ಮೇಲೆ ಸರಿಯಿತು. ಎರಡನೇ ಗೇರಿಗೆ ಹಾಕಿದೆ. ಟಕ್ ಟಕ್ ಇರಲಿಲ್ಲ. ಏರು ಮುಗಿದಲ್ಲಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿದೆ. ನಡೆದು ಬಂದವರು ಒಬ್ಬೊಬ್ಬರಾಗಿ ಮತ್ತೆ ತುಂಬಿಕೊಂಡರು. ಯಾರೂ ಹಿಂದೆಮುಂದೆ ನೋಡಲಿಲ್ಲ. ಕಾಕಾ ಸ್ಕೂಟರ್ ಹತ್ತಿಸಿಕೊಂಡು ಬಂದು ನನಗೆ ಕೊಟ್ಟರು.

"ಹೈದರಾಬಾದ್ ಮುಟ್ಟಿದ ಮ್ಯಾಲ ಫೋನ್ ಮಾಡ್ತೀನಿ. ಬೂತಿನ್ಯಾಗ ಇರು," ಎಂದಷ್ಟೇ ಹೇಳಿ ಹೋದರು.

ಮಧ್ಯಾಹ್ನ ಗ್ಯಾರೇಜು ತೆಗೆಯಲಿಲ್ಲ. ಬೂತಿನ ಮುಂದಿನ ಕಟ್ಟೆಯ ಮೇಲೆ ಕೂತೆ. ಚಾಚಾ ಬಂದು ಪಕ್ಕದಲ್ಲಿ ಕೂತರು, ನಮಾಜಿಗೆ ಎದ್ದು ಹೋಗಿ ಮತ್ತೆ ಬಂದು ಕೂತರು. ಫೋನು ಬಂದಾಗಲೆಲ್ಲ ನಾನು ಏಳುತ್ತಿದ್ದೆ. ಬೇರೆ ಯಾರಿಗೋ ಬಂದಿರುತ್ತಿತ್ತು. ಹೈದರಾಬಾದಿನ ರಸ್ತೆ ಅಗಲ, ಮುಟ್ಟಬೇಕಾದ ಹೊತ್ತು ಕಳೆದು ಒಂದು ತಾಸಾಗಿತ್ತು. ಅಂಗಡಿಗಳಿಗೆ ದೀಪ ಹಚ್ಚುವ ಹೊತ್ತಿಗೆ ಬೂತಿನವನು ನನ್ನ ಕಡೆ ಕೈ ಮಾಡಿದ.

"ಮಿಸ್ತ್ರಿ, ಮುಟ್ಟೀವಿ," ಕಾಕಾನ ದನಿ. "ಎಲ್ಲಾರ್ನೂ ಇಳಿಸ್ದೆ. ಕೆಲಸಾನೂ ಸಿಕ್ಕದ ಅವ್ರಿಗಿ."

"ತಡ ಆಯ್ತಲ್ರಿ ಕಾಕಾ. ಗಾಡಿ ಏನಾರ?"

"ಗಾಡಿ ಚಲೋ ಅದ. ಐದನೇ ಗೇರ್ ಹಾಕ್ಲಿಲ್ಲ ನಾ. ನಾಕರಾಗೇ ಮೆಲ್ಲಕ ಬಂದೆ," ಎಂದರು. "ನನಗೂ ಅಂಜಿಕಿ ಆಗಿತ್ತೋ."

ಅವರು ಮುಟ್ಟಿದರೆಂದು ಕಟ್ಟೆಯ ಮೇಲಿದ್ದ ಚಾಚಾನಿಗೆ ಕೈ ಮಾಡಿ ತೋರಿಸಿದೆ.

"ನಾಳಿ ಬರೋವಾಗ ಖಾಲಿ ಗಾಡಿ," ಎಂದರು ಕಾಕಾ. "ಐದನೇದು ಹಾಕಿ ನೋಡ್ತೀನಿ."